ಸಿಂಥೆಟಿಕ್ಕಾ, ಮಿನರಲ್ಲಾ? ಎಂಜಿನ್ ಆಯಿಲ್ ಗುರುತಿಸಲು ಸಮಗ್ರ ಮಾರ್ಗದರ್ಶಿ

ಹೋದ ವರ್ಷ ಸರ್ವೀಸ್‌ಗೆ ಬಿಟ್ಟ ಬೈಕ್ ತರಲು ಹೋದಾಗ ಬಿಲ್ಲಿನಲ್ಲಿ ‘ಫುಲ್ಲಿ ಸಿಂಥೆಟಿಕ್’ ಅಂತ ಬರೆದಿತ್ತು. ಮಾಮೂಲಿ ಆಯಿಲ್‌ಗಿಂತ ಎರಡರಷ್ಟು ದುಡ್ಡು. ಖಾಲಿ ಡಬ್ಬ ಕೊಡಿ ಅಂದೆ. ಡಬ್ಬವೇ ಇರಲಿಲ್ಲ. ಮೂಲೆಯಲ್ಲಿದ್ದ ಡ್ರಮ್ಮಿನಿಂದ ಅಳೆದು ಹಾಕಿದ್ದರು. ‘ಬಣ್ಣ ನೋಡಿ ಸರ್, ಕೆಂಪಗಿದೆ. ಬೆರಳಿಗೆ ತೆಳ್ಳಗಿದೆ. ಸಿಂಥೆಟಿಕ್ಕೇ’ ಅಂದರು ಮೆಕ್ಯಾನಿಕ್. ಅವರು ನಂಬಿಯೇ ಹೇಳಿದರು ಅನ್ನಿಸಿತು. ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಅವತ್ತಿನಿಂದ ಈ ವಿಷಯದ ಬೆನ್ನು ಹತ್ತಿದೆ. ಡೇಟಾ ಶೀಟ್‌ಗಳನ್ನು ಓದಿದೆ, ಮನೆಯಲ್ಲಿ ಬಾಟಲಿ ಇಟ್ಟುಕೊಂಡು ತೂಗಿದೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಣ್ಣು, ಮೂಗು, ಬೆರಳು ಇವುಗಳಿಂದ ಸಿಂಥೆಟಿಕ್ ಆಯಿಲ್ ಗುರುತಿಸಲು ಆಗುವುದಿಲ್ಲ. ಮೂವತ್ತು ವರ್ಷ ಅನುಭವ ಇರುವ ಮೆಕ್ಯಾನಿಕ್‌ಗೂ ಆಗುವುದಿಲ್ಲ. ನಂಬರುಗಳಿಂದ ಆಗುತ್ತದೆ. ಆ ನಂಬರುಗಳು ಫೋನಿನಲ್ಲೇ ಸಿಗುತ್ತವೆ.

ಎರಡಕ್ಕೂ ವ್ಯತ್ಯಾಸ ಎಲ್ಲಿದೆ

ಡಬ್ಬದಲ್ಲಿರುವ ಎಂಜಿನ್ ಆಯಿಲ್‌ನಲ್ಲಿ ಹೆಚ್ಚಿನ ಪಾಲು ಬೇಸ್ ಆಯಿಲ್. ಉಳಿದದ್ದು ಸೇರಿಸಿದ ಕೆಮಿಕಲ್‌ಗಳು, ಅಂದರೆ ಅಡಿಟಿವ್. ಮಿನರಲ್, ಸಿಂಥೆಟಿಕ್ ಅನ್ನುವುದು ಬೇಸ್ ಆಯಿಲ್‌ನ ಮಾತು.

ಮಿನರಲ್ ಬೇಸ್ ಆಯಿಲ್ ಅಂದರೆ ಕಚ್ಚಾ ತೈಲವನ್ನು ಕಾಯಿಸಿ, ಬೇರ್ಪಡಿಸಿ, ಮೇಣ ತೆಗೆದು ಶುದ್ಧ ಮಾಡಿದ್ದು. ಮೊರದಲ್ಲಿ ಕೇರಿದ ಅಕ್ಕಿ ಇದ್ದ ಹಾಗೆ. ಕಲ್ಲು, ಹೊಟ್ಟು ಹೋಗಿರುತ್ತದೆ. ಆದರೆ ದಪ್ಪ ಕಾಳು, ಸಣ್ಣ ಕಾಳು, ನುಚ್ಚು ಎಲ್ಲ ಉಳಿದಿರುತ್ತದೆ. ಪಿಎಒ ಅನ್ನುವ ಸಿಂಥೆಟಿಕ್ ಒರಳಿನಲ್ಲಿ ಒತ್ತಿದ ಶಾವಿಗೆ ಥರ. ಎಥಿಲೀನ್ ಗ್ಯಾಸಿನಿಂದ ಶುರು ಮಾಡಿ, ಬೇಕಾದ ಅಳತೆಯ ಅಣುಗಳನ್ನೇ ಕಟ್ಟುತ್ತಾರೆ. ಎಳೆ ಎಳೆಯೂ ಹೆಚ್ಚುಕಡಿಮೆ ಒಂದೇ ದಪ್ಪ.

ಈ ಹೋಲಿಕೆ ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಮಿನರಲ್‌ನಲ್ಲಿರುವ ‘ನುಚ್ಚು’, ಅಂದರೆ ಹಗುರ ಅಣುಗಳು, ಬಿಸಿಗೆ ಬೇಗ ಆವಿಯಾಗುತ್ತವೆ. ಉಳಿದ ಮೇಣ ಚಳಿಗೆ ಗಟ್ಟಿಯಾಗುತ್ತದೆ. ಸರಿಯಾಗಿ ಶುದ್ಧವಾಗದ ಅಣುಗಳು ಬಿಸಿ ಗಾಳಿ ತಾಗಿ ಬೇಗ ಕೆಡುತ್ತವೆ, ಎಂಜಿನ್ ಒಳಗೆ ಜಿಡ್ಡು ಕಟ್ಟುತ್ತದೆ. ನಾವು ಹುಡುಕಬೇಕಾದದ್ದು ಈ ಗುರುತುಗಳನ್ನು.

ಅಮೆರಿಕದ ಎಪಿಐ ಸಂಸ್ಥೆ ಬೇಸ್ ಆಯಿಲ್‌ಗಳನ್ನು ಐದು ಗುಂಪು ಮಾಡಿದೆ. ಒಂದು ಮತ್ತು ಎರಡನೇ ಗುಂಪು ಮಿನರಲ್. ಎರಡನೆಯದು ಹೈಡ್ರೋಜನ್ ಬಳಸಿ ಇನ್ನೂ ಶುದ್ಧ ಮಾಡಿದ್ದು, ಅದರಲ್ಲಿ ಗಂಧಕ 0.03 ಶೇಕಡಾ ದಾಟುವಂತಿಲ್ಲ. ಮೂರನೇ ಗುಂಪೂ ಕಚ್ಚಾ ತೈಲದಿಂದಲೇ ಬರುತ್ತದೆ. ಆದರೆ ಜಾಸ್ತಿ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ ಅಣುಗಳ ಆಕಾರವನ್ನೇ ಬದಲಾಯಿಸಿರುತ್ತಾರೆ. ಅದರ ವಿಸ್ಕಾಸಿಟಿ ಇಂಡೆಕ್ಸ್, ಅಂದರೆ ಬಿಸಿಗೆ ತೆಳ್ಳಗಾಗದೆ ನಿಲ್ಲುವ ಗುಣದ ಅಳತೆ, 120 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ನಾಲ್ಕನೆಯದು ಪಿಎಒ. ಎಸ್ಟರ್, ಪಿಎಜಿ ಮುಂತಾದ ಮಿಕ್ಕವೆಲ್ಲ ಐದನೆಯದು.

ಗೊಂದಲ ಇರುವುದು ಮೂರನೇ ಗುಂಪಿನಲ್ಲಿ. ಕಚ್ಚಾ ತೈಲದಿಂದ ಬಂದಿದ್ದನ್ನು ಸಿಂಥೆಟಿಕ್ ಅನ್ನಬಹುದಾ? 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಇದೇ ಜಗಳ ಆಯಿತು. ಕ್ಯಾಸ್ಟ್ರಾಲ್ ತನ್ನ ಸಿಂಟೆಕ್ ಆಯಿಲ್‌ಗೆ ಮೂರನೇ ಗುಂಪಿನ ಬೇಸ್ ಬಳಸಿ ಸಿಂಥೆಟಿಕ್ ಅಂತಲೇ ಮಾರಿತು. ಪಿಎಒ ಬಳಸುತ್ತಿದ್ದ ಮೊಬಿಲ್ ಜಾಹೀರಾತು ವಿವಾದ ನೋಡುವ ಸಂಸ್ಥೆಗೆ ದೂರು ಕೊಟ್ಟಿತು. 1999ರಲ್ಲಿ ತೀರ್ಮಾನ ಕ್ಯಾಸ್ಟ್ರಾಲ್ ಪರ ಬಂತು. ಆಮೇಲೆ ಸಿಂಥೆಟಿಕ್ ಅನ್ನುವ ಪದ ಎಲ್ಲರ ಡಬ್ಬದ ಮೇಲೂ ಸಲೀಸಾಗಿ ಬಂತು. ಹಾಗಾಗಿ ಇವತ್ತು ‘ಫುಲ್ಲಿ ಸಿಂಥೆಟಿಕ್’ ಅಂದರೆ ಮೂರನೇ ಗುಂಪಾಗಿರುವ ಸಾಧ್ಯತೆಯೇ ಜಾಸ್ತಿ. ಅದು ಮೋಸ ಅಂತ ನಾನು ಹೇಳುವುದಿಲ್ಲ. ಒಳ್ಳೆಯ ಮೂರನೇ ಗುಂಪಿನ ಆಯಿಲ್ ನಮ್ಮ ಬೈಕು ಕಾರುಗಳಿಗೆ ಧಾರಾಳ ಸಾಕು. ಆದರೆ ನಾವು ಏನಕ್ಕೆ ದುಡ್ಡು ಕೊಡುತ್ತಿದ್ದೇವೆ ಅಂತ ಗೊತ್ತಿರಬೇಕು, ಅಲ್ವಾ?

ಈ ಪರೀಕ್ಷೆಗಳನ್ನು ಬಿಟ್ಟುಬಿಡಿ

ಬಣ್ಣ. ಎರಡರಿಂದ ನಾಲ್ಕನೇ ಗುಂಪಿನವರೆಗಿನ ಬೇಸ್ ಆಯಿಲ್‌ಗಳು ಬಹುಪಾಲು ನೀರಿನ ಹಾಗೆ ತಿಳಿಯಾಗಿಯೇ ಇರುತ್ತವೆ. ಡಬ್ಬದಲ್ಲಿ ಕಾಣುವ ಜೇನಿನ ಬಣ್ಣ ಅಡಿಟಿವ್‌ನಿಂದ ಬಂದಿದ್ದು. ಕೆಂಪು, ಹಸಿರು ಬೇಕು ಅಂತ ಹಾಕಿದ ಬಣ್ಣ.

ಬೆರಳು. ಬೆರಳು ಹೇಳುವುದು ಆ ಹೊತ್ತಿನ ಬಿಸಿಯಲ್ಲಿ ಆಯಿಲ್ ಎಷ್ಟು ಮಂದ ಅನ್ನುವುದನ್ನು ಮಾತ್ರ. 5ಡಬ್ಲ್ಯು-30 ಸಿಂಥೆಟಿಕ್, 20ಡಬ್ಲ್ಯು-40 ಮಿನರಲ್‌ಗಿಂತ ತೆಳ್ಳಗಿರುತ್ತದೆ. ಅದು ಗ್ರೇಡಿನ, ಅಂದರೆ ಡಬ್ಬದ ಮೇಲಿರುವ ಮಂದತನದ ನಂಬರಿನ ವ್ಯತ್ಯಾಸ. ‘ಸಿಂಥೆಟಿಕ್ ನೀರಿನ ಥರ ಇರುತ್ತೆ’ ಅನ್ನುವ ನಂಬಿಕೆ ಹುಟ್ಟಿದ್ದು ಇಲ್ಲಿಂದಲೇ.

ಪೇಪರ್ ಮೇಲೆ ಹನಿ ಹಾಕುವುದು. ಇದು ಒಳ್ಳೆಯ ಪರೀಕ್ಷೆಯೇ, ಆದರೆ ಬೇರೆ ಕೆಲಸಕ್ಕೆ. ಹಳೇ ಆಯಿಲ್‌ನಲ್ಲಿ ಮಸಿ ಎಷ್ಟಿದೆ, ಅದನ್ನು ಹರಡುವ ಶಕ್ತಿ ಉಳಿದಿದೆಯಾ ಅಂತ ತಿಳಿಯುತ್ತದೆ. ಬೇಸ್ ಆಯಿಲ್ ಯಾವುದು ಅಂತ ತಿಳಿಯುವುದಿಲ್ಲ. ಬೇಗ ಕಪ್ಪಾಯಿತು ಅಂದರೆ ಮಿನರಲ್ ಅನ್ನುವುದೂ ತಪ್ಪು. ಕೊಳೆ ಹಿಡಿದಿಟ್ಟುಕೊಳ್ಳುವ ಯಾವ ಆಯಿಲ್ ಆದರೂ ಕಪ್ಪಾಗುತ್ತದೆ.

ಬೆಂಕಿ ಹಚ್ಚಿ ನೋಡುವುದು. ದಯವಿಟ್ಟು ಮಾಡಬೇಡಿ. ಎರಡೂ ಹೊತ್ತಿಕೊಳ್ಳಲು 200 ಡಿಗ್ರಿ ದಾಟಬೇಕು. ಆ ಬಿಸಿಯ ಎಣ್ಣೆ ಕೈಗೆ ಸಿಡಿದರೆ ಏನಾಗುತ್ತದೆ ಅಂತ ಬೋಂಡ ಕರಿಯುವವರನ್ನು ಕೇಳಿ.

ಹಂತ 1: ಡಬ್ಬದ ಮಾತನ್ನು ಅಕ್ಷರ ಬಿಡದೆ ಓದಿ

‘ಫುಲ್ಲಿ ಸಿಂಥೆಟಿಕ್’, ‘100% ಸಿಂಥೆಟಿಕ್’ ಅಂತ ಇದ್ದರೆ ಮೂರನೇ ಗುಂಪು ಅಥವಾ ಮೇಲಿನದು ಅಂತ ಇಟ್ಟುಕೊಳ್ಳಿ. ‘ಸೆಮಿ ಸಿಂಥೆಟಿಕ್’, ‘ಸಿಂಥೆಟಿಕ್ ಬ್ಲೆಂಡ್’, ‘ಸಿಂಥೆಟಿಕ್ ಬೇಸ್ಡ್’ ಅಂದರೆ ಮಿಶ್ರಣ. ಎಷ್ಟು ಪಾಲು ಅಂತ ಸಾಮಾನ್ಯವಾಗಿ ಬರೆದಿರುವುದಿಲ್ಲ. ‘ಸಿಂಥೆಟಿಕ್ ಟೆಕ್ನಾಲಜಿ’, ‘ಸಿಂಥೆಟಿಕ್ ಪವರ್’ ಥರದ ಮಾತು ಕಂಡರೆ ತಕ್ಷಣ ನಂಬಬೇಡಿ, ಡೇಟಾ ಶೀಟ್ ನೋಡಿ. ‘ಪ್ರೀಮಿಯಂ’, ‘ಅಡ್ವಾನ್ಸ್ಡ್’, ‘ಆಕ್ಟಿವ್’ ಇವಕ್ಕೆ ಬೇಸ್ ಆಯಿಲ್ ಜೊತೆ ಸಂಬಂಧವೇ ಇಲ್ಲ.

ಒಂದೇ ಕಂಪನಿಯ ಡಬ್ಬಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಸುಲಭವಾಗಿ ಅರ್ಥವಾಗುತ್ತದೆ. ಶೆಲ್ ಅಡ್ವಾನ್ಸ್‌ನಲ್ಲಿ ಎಎಕ್ಸ್5 ಮಿನರಲ್, ಎಎಕ್ಸ್7 ಸಿಂಥೆಟಿಕ್ ಬೇಸ್ಡ್, ಅಲ್ಟ್ರಾ ಫುಲ್ಲಿ ಸಿಂಥೆಟಿಕ್. ಮೋಟುಲ್‌ನಲ್ಲಿ 3000 ಮಿನರಲ್, 5100 ‘ಟೆಕ್ನೋಸಿಂಥೀಸ್’ (ಮಿಶ್ರಣಕ್ಕೆ ಅವರಿಟ್ಟ ಹೆಸರು), 7100 ‘100% ಸಿಂಥೆಟಿಕ್’. ಅಂದರೆ ಬ್ರ್ಯಾಂಡ್ ಹೆಸರು ಹೇಳಿ ‘ಅದು ಸಿಂಥೆಟಿಕ್ ಕಂಪನಿ’ ಅನ್ನುವುದಕ್ಕೆ ಅರ್ಥವಿಲ್ಲ.

ಹಂತ 2: ಗ್ರೇಡ್ ನೋಡಿ

ಡಬ್ಲ್ಯುಗಿಂತ ಮೊದಲು ಬರುವ ನಂಬರ್ ಚಳಿಯದ್ದು. ಗ್ರೇಡ್ ನಿಗದಿ ಮಾಡುವ ಎಸ್‌ಎಇ ಸಂಸ್ಥೆಯ ನಿಯಮದ ಪ್ರಕಾರ 20ಡಬ್ಲ್ಯು ಆಯಿಲ್ ಮೈನಸ್ 15 ಡಿಗ್ರಿಯಲ್ಲಿ ಎಂಜಿನ್ ತಿರುಗಲು ಬಿಡುವಷ್ಟು ತೆಳ್ಳಗಿರಬೇಕು. 15ಡಬ್ಲ್ಯು ಆದರೆ ಮೈನಸ್ 20, 10ಡಬ್ಲ್ಯು ಮೈನಸ್ 25, 5ಡಬ್ಲ್ಯು ಮೈನಸ್ 30, 0ಡಬ್ಲ್ಯು ಮೈನಸ್ 35.

ಮಾಮೂಲಿ ಮಿನರಲ್ ಬೇಸ್‌ನಲ್ಲಿ ಮೇಣ ಇರುವುದರಿಂದ 0ಡಬ್ಲ್ಯು ಮಾಡುವುದು ಆಗದ ಮಾತು. 0ಡಬ್ಲ್ಯು ಅಂದರೆ ಸಿಂಥೆಟಿಕ್ ಅಂತಲೇ ತಿಳಿಯಿರಿ. 5ಡಬ್ಲ್ಯು ಬಹುಪಾಲು ಸಿಂಥೆಟಿಕ್, ಕೆಲವು ಸೆಮಿ. 20ಡಬ್ಲ್ಯು-40 ಬಹುಪಾಲು ಮಿನರಲ್. ಆದರೆ ಈ ಲೆಕ್ಕವನ್ನು ತಿರುಗಿಸಿ ಹಾಕಬೇಡಿ. 20ಡಬ್ಲ್ಯು-50 ಗ್ರೇಡಿನಲ್ಲೂ ಫುಲ್ಲಿ ಸಿಂಥೆಟಿಕ್ ಸಿಗುತ್ತದೆ. 10ಡಬ್ಲ್ಯು-30, 15ಡಬ್ಲ್ಯು-50 ಗ್ರೇಡುಗಳಲ್ಲಿ ಎಲ್ಲ ಥರದ್ದೂ ಸಿಗುತ್ತದೆ. ಬೈಕಿನವರಿಗೆ ನಿಜವಾದ ತಲೆನೋವು ಇರುವುದು ಅಲ್ಲೇ.

ಹಂತ 3: ಡೇಟಾ ಶೀಟ್ ಓದಿ

ಇದೇ ಮುಖ್ಯವಾದ ಹಂತ. ಆಯಿಲ್‌ನ ಪೂರ್ತಿ ಹೆಸರು, ಗ್ರೇಡ್, ಜೊತೆಗೆ ‘ಟೆಕ್ನಿಕಲ್ ಡೇಟಾ ಶೀಟ್’ ಅಂತ ಹುಡುಕಿ. ಒಂದೆರಡು ಪುಟದ ಪಿಡಿಎಫ್ ಸಿಗುತ್ತದೆ. ಅದೇ ಗ್ರೇಡಿನ ಇನ್ನೊಂದು ಆಯಿಲ್‌ದೂ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಒಂದನ್ನೇ ಓದಿದರೆ ನಂಬರ್ ಮಾತಾಡುವುದಿಲ್ಲ.

ಮೊದಲು ಪೋರ್ ಪಾಯಿಂಟ್ ನೋಡಿ. ಆಯಿಲ್ ಹರಿಯುವುದನ್ನು ನಿಲ್ಲಿಸುವ ಚಳಿ ಅದು. ಮಿನರಲ್ ಮಲ್ಟಿಗ್ರೇಡ್‌ಗಳಲ್ಲಿ ಸಾಮಾನ್ಯವಾಗಿ ಮೈನಸ್ 21ರಿಂದ 30ರ ಆಸುಪಾಸು. ಮೂರನೇ ಗುಂಪಿನಲ್ಲಿ ಮೈನಸ್ 36, 39, 42 ಹೀಗೆ ಕಾಣುತ್ತದೆ. ಪಿಎಒ ಜಾಸ್ತಿ ಇದ್ದರೆ ಮೈನಸ್ 45 ದಾಟುತ್ತದೆ. ಮೇಣ ಗಟ್ಟಿಯಾಗದಂತೆ ತಡೆಯುವ ಅಡಿಟಿವ್ ಹಾಕಿ ಮಿನರಲ್‌ನಲ್ಲೂ ಕೆಳಗಿಳಿಸಬಹುದು. ಆದರೆ ಒಂದೇ ಗ್ರೇಡಿನ ಎರಡು ಆಯಿಲ್‌ಗಳ ನಡುವೆ 12 ಡಿಗ್ರಿ ಅಂತರ ಕಂಡರೆ ಬೇಸ್ ಬೇರೆ ಇರುವ ಸಾಧ್ಯತೆ ಜಾಸ್ತಿ.

ಎರಡನೆಯದು ನೋಆಕ್. 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟಾಗ ಎಷ್ಟು ಶೇಕಡಾ ಆಯಿಲ್ ಆವಿಯಾಯಿತು ಅನ್ನುವ ಲೆಕ್ಕ. ನುಚ್ಚು ಎಷ್ಟಿದೆ ಅಂತ ನೇರವಾಗಿ ತೋರಿಸುವ ನಂಬರ್ ಇದು. ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಅತಿ ಪ್ರಾಮಾಣಿಕವಾದ ನಂಬರ್ ಇದೇ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಗಾಳಿಯಿಂದ ತಣ್ಣಗಾಗುವ ಎಂಜಿನ್ ಓಡಿಸುವವರಿಗೆ ಪೋರ್ ಪಾಯಿಂಟ್‌ಗಿಂತ ಇದು ಸಾವಿರ ಪಾಲು ಮುಖ್ಯ. ಕರ್ನಾಟಕದಲ್ಲಿ ಎಲ್ಲೂ ಮೈನಸ್ 30 ಆಗುವುದಿಲ್ಲ. ಆದರೆ ಆಯಿಲ್ ಕಡಿಮೆಯಾಗುವುದು ಎಲ್ಲರಿಗೂ ಗೊತ್ತಿರುವ ಕಾಟ. ಒಳ್ಳೆಯ 5ಡಬ್ಲ್ಯು-30 ಸಿಂಥೆಟಿಕ್‌ನಲ್ಲಿ ನೋಆಕ್ ಹತ್ತರ ಹತ್ತಿರ ಅಥವಾ ಒಳಗಿರುತ್ತದೆ. ಎಲ್ಲ ಕಂಪನಿಗಳೂ ಇದನ್ನು ಅಚ್ಚು ಮಾಡುವುದಿಲ್ಲ. ಆಗ ಕಾರಿನ ಆಯಿಲ್ ಆದರೆ ಯುರೋಪಿನ ವಾಹನ ತಯಾರಕರ ಸಂಘವಾದ ಎಸಿಇಎಯ ಗುರುತು ಹುಡುಕಿ. ಎ3/ಬಿ4 ಅಥವಾ ಸಿ3 ಅಂತ ಇದ್ದರೆ ನೋಆಕ್ 13 ದಾಟುವಂತಿಲ್ಲ.

ಮೂರನೆಯದು ವಿಸ್ಕಾಸಿಟಿ ಇಂಡೆಕ್ಸ್. ಬಿಸಿ ಏರಿದಾಗ ಆಯಿಲ್ ಎಷ್ಟು ಕಡಿಮೆ ತೆಳ್ಳಗಾಗುತ್ತದೆ ಅನ್ನುವ ಅಳತೆ. ಜಾಸ್ತಿ ಇದ್ದಷ್ಟೂ ಒಳ್ಳೆಯದು. ಇಲ್ಲಿ ಒಂದು ಎಚ್ಚರಿಕೆ ಬೇಕು. ಬೇಸ್ ಆಯಿಲ್ ಸಾಧಾರಣವಾಗಿದ್ದರೂ ಪಾಲಿಮರ್ ಸೇರಿಸಿ ಈ ನಂಬರ್ ಏರಿಸಬಹುದು. 5ಡಬ್ಲ್ಯು-40ರ 170 ಮತ್ತು 20ಡಬ್ಲ್ಯು-40ರ 115 ನೋಡಿ ಹೋಲಿಸಿದರೆ ನೀವು ಹೋಲಿಸಿದ್ದು ಗ್ರೇಡನ್ನು.

ನಾಲ್ಕನೆಯದು ಡೆನ್ಸಿಟಿ, 15 ಡಿಗ್ರಿಯಲ್ಲಿ ಅಳೆದದ್ದು. ಮಿನರಲ್ ಆಯಿಲ್‌ಗಳು 0.88ರ ಆಸುಪಾಸು. ಮೂರನೇ ಗುಂಪು, ಪಿಎಒ ಆದರೆ 0.84ರಿಂದ 0.86. ಎಸ್ಟರ್ ಜಾಸ್ತಿ ಇದ್ದರೆ ಮತ್ತೆ ಮೇಲೇರುತ್ತದೆ, ಏಕೆಂದರೆ ಎಸ್ಟರ್ ಭಾರ. ಐದನೇ ಹಂತದಲ್ಲಿ ಈ ನಂಬರ್ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

ಫ್ಲ್ಯಾಶ್ ಪಾಯಿಂಟ್ ಜಾಸ್ತಿ ಇದ್ದರೆ ಸಿಂಥೆಟಿಕ್ ಅಂತ ಹೇಳುವವರಿದ್ದಾರೆ. ಮಂದ ಆಯಿಲ್‌ಗಳಲ್ಲಿ ಅದು ಹೇಗೂ ಜಾಸ್ತಿ. ನಾನು ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಹಂತ 4: ಸೇಫ್ಟಿ ಡೇಟಾ ಶೀಟ್

ಇದು ಬೇರೆ ಕಾಗದ. ಕೆಲಸಗಾರರ ಸುರಕ್ಷತೆಗೆ ಕೊಡುವಂಥದ್ದು. ಇದರ ಮೂರನೇ ಭಾಗದಲ್ಲಿ ಒಳಗಿರುವ ಪದಾರ್ಥಗಳ ಹೆಸರು, ಸಿಎಎಸ್ ನಂಬರ್ (ಪ್ರತಿ ರಾಸಾಯನಿಕಕ್ಕೂ ಕೊಟ್ಟ ಗುರುತಿನ ಸಂಖ್ಯೆ) ಇರುತ್ತದೆ. 68037-01-4 ಕಂಡರೆ ಅದು ಪಿಎಒ. 848301-69-9 ಕಂಡರೆ ನೈಸರ್ಗಿಕ ಅನಿಲದಿಂದ ಮಾಡಿದ ಬೇಸ್ ಆಯಿಲ್. ಶೆಲ್ ಕಂಪನಿ ಕತಾರಿನ ಪರ್ಲ್ ಘಟಕದಲ್ಲಿ ತಯಾರಿಸುವುದು ಇಂಥದ್ದನ್ನೇ. 64742-65-0 ಅಂದರೆ ದ್ರಾವಕ ಬಳಸಿ ಮೇಣ ತೆಗೆದ ಮಿನರಲ್.

64742-54-7 ಕಂಡರೆ ಮಾತ್ರ ತೀರ್ಮಾನಕ್ಕೆ ಬರಬೇಡಿ. ಹೈಡ್ರೋಜನ್ ಹಾಯಿಸಿದ ಪೆಟ್ರೋಲಿಯಂ ಬೇಸ್‌ಗೆಲ್ಲ ಬಳಸುವ ನಂಬರ್ ಅದು. ಮಿನರಲ್ ಡಬ್ಬಕ್ಕೂ ಬರುತ್ತದೆ, ಮೂರನೇ ಗುಂಪಿನ ‘ಫುಲ್ಲಿ ಸಿಂಥೆಟಿಕ್’ ಡಬ್ಬಕ್ಕೂ ಬರುತ್ತದೆ. ಅಪಾಯಕಾರಿ ಅಲ್ಲದ ಪದಾರ್ಥವನ್ನು ಹೆಸರಿಸಲೇಬೇಕು ಅಂತಿಲ್ಲ. ಹಾಗಾಗಿ ಪಿಎಒ ಹೆಸರು ಇದ್ದರೆ ಖಚಿತ, ಇಲ್ಲದಿದ್ದರೆ ‘ಇಲ್ಲ’ ಅಂತ ಹೇಳಲಾಗುವುದಿಲ್ಲ.

ಹಂತ 5: ಮನೆಯಲ್ಲಿ ತೂಗಿ ನೋಡಿ

ಕಾಗದ ಸರಿ, ಡಬ್ಬದೊಳಗೆ ಇರುವುದು ಅದೇನಾ? ಇದಕ್ಕೆ ಮನೆಯಲ್ಲಿ ಮಾಡಬಹುದಾದ ಕೆಲಸ ಒಂದಿದೆ. ನನಗೆ ತುಂಬಾ ಇಷ್ಟವಾದದ್ದೂ ಇದೇ.

ಬೇಕಾದ್ದು ಒಂದೊಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆ ತಕ್ಕಡಿ, ಕತ್ತು ಸಣ್ಣಗಿರುವ ಅರ್ಧ ಲೀಟರಿನ ಗಾಜಿನ ಬಾಟಲಿ, ಒಂದು ಚೂರು ಟೇಪ್. ಬಾಟಲಿ ಚೆನ್ನಾಗಿ ತೊಳೆದು ಒಣಗಿಸಿ. ಕತ್ತಿನ ಹತ್ತಿರ ಟೇಪ್ ಅಂಟಿಸಿ. ಟೇಪಿನ ಮೇಲಂಚೇ ನಿಮ್ಮ ಗೆರೆ. ಖಾಲಿ ಬಾಟಲಿ ಇಟ್ಟು ತಕ್ಕಡಿ ಸೊನ್ನೆ ಮಾಡಿ, ಗೆರೆವರೆಗೆ ನೀರು ತುಂಬಿ ತೂಕ ಬರೆದುಕೊಳ್ಳಿ. ನೀರು ಚೆಲ್ಲಿ ಬಾಟಲಿಯನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಒಂದು ಹನಿ ನೀರೂ ಉಳಿಯಬಾರದು, ಆಮೇಲೆ ಈ ಆಯಿಲ್ ಎಂಜಿನ್ನಿಗೆ ಹೋಗಬೇಕು. ಬಾಟಲಿ ತಣ್ಣಗಾದ ಮೇಲೆ ಮತ್ತೆ ಸೊನ್ನೆ ಮಾಡಿ, ಆಯಿಲನ್ನು ಗೋಡೆಗುಂಟ ನಿಧಾನವಾಗಿ ಸುರಿಯಿರಿ. ಗುಳ್ಳೆ ಬಂದರೆ ಒಂದು ಗಂಟೆ ಬಿಡಿ. ಗೆರೆಗೆ ಸರಿಮಾಡಿ ತೂಗಿ.

ಆಯಿಲ್ ತೂಕವನ್ನು ನೀರಿನ ತೂಕದಿಂದ ಭಾಗಿಸಿ. ಕೋಣೆ 27 ಡಿಗ್ರಿ ಆಸುಪಾಸು ಇದ್ದರೆ ಬಂದ ಉತ್ತರಕ್ಕೆ 0.005 ಸೇರಿಸಿ. ಅದು 15 ಡಿಗ್ರಿಯ ಡೆನ್ಸಿಟಿಗೆ ಹತ್ತಿರದ ಲೆಕ್ಕ. ಉದಾಹರಣೆಗೆ ನೀರು 500 ಗ್ರಾಂ ಹಿಡಿಸುವ ಗೆರೆಗೆ, ಡೇಟಾ ಶೀಟಿನಲ್ಲಿ 0.850 ಇರುವ ಆಯಿಲ್ ಸುಮಾರು 422 ಗ್ರಾಂ ತೂಗಬೇಕು. 0.880 ಇರುವುದು 437 ಗ್ರಾಂ. ನಡುವೆ 15 ಗ್ರಾಂ ಅಂತರ. ಅಡುಗೆಮನೆ ತಕ್ಕಡಿಗೆ ಅದು ಸಲೀಸಾಗಿ ಕಾಣುತ್ತದೆ.

ನಾನು ಮೊದಲ ಸಲ ಮಾಡಿದಾಗ ಎರಡು ಡಬ್ಬದ ಆಯಿಲೂ ಒಂದೇ ಜೇನಿನ ಬಣ್ಣ, ಒಂದೇ ವಾಸನೆ. ತಕ್ಕಡಿ ಮಾತ್ರ ಎರಡನ್ನೂ ಬೇರೆ ಮಾಡಿ ತೋರಿಸಿತು. ಅವತ್ತು ಡ್ರಮ್ಮಿನ ಮುಂದೆ ನಿಂತಾಗ ಇದು ಗೊತ್ತಿದ್ದರೆ ಅನ್ನಿಸಿತು.

ಡೇಟಾ ಶೀಟ್‌ಗೂ ನಿಮ್ಮ ತೂಕಕ್ಕೂ 5 ಗ್ರಾಂಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಇನ್ನೊಮ್ಮೆ ತೂಗಿ. ಮತ್ತೆ ಹಾಗೇ ಬಂದರೆ ಆ ಡಬ್ಬವನ್ನು ನಾನಾದರೆ ಎಂಜಿನ್ನಿಗೆ ಹಾಕುವುದಿಲ್ಲ. ತೂಕ ಸರಿ ಬಂತು ಅಂದಮಾತ್ರಕ್ಕೆ ಅಸಲಿ ಅಂತ ಸಾಬೀತಾಗುವುದಿಲ್ಲ. ತಪ್ಪು ಬಂದರೆ ಮಾತ್ರ ಅನುಮಾನಕ್ಕೆ ಗಟ್ಟಿ ಕಾರಣ ಇದೆ.

ಫ್ರೀಜರ್ ಪರೀಕ್ಷೆ ಬಗ್ಗೆ ಎರಡು ಮಾತು

ಫ್ರೀಜರಿನಲ್ಲಿ ಆಯಿಲ್ ಇಟ್ಟು ಯಾವುದು ಹರಿಯುತ್ತದೆ ಅಂತ ನೋಡುವ ವಿಡಿಯೊಗಳು ಬಹಳ ಇವೆ. ಮನೆಯ ಫ್ರೀಜರ್ ಮೈನಸ್ 18 ಡಿಗ್ರಿ. 20ಡಬ್ಲ್ಯು-40 ಮಿನರಲ್ ಮತ್ತು 5ಡಬ್ಲ್ಯು-40 ಸಿಂಥೆಟಿಕ್ ಇಟ್ಟರೆ ಮೊದಲನೆಯದು ಚಳಿಗಾಲದ ಜೇನಿನ ಥರ ನಿಲ್ಲುತ್ತದೆ, ಎರಡನೆಯದು ಸುರಿಯುತ್ತದೆ. ನೋಡಲು ಚೆನ್ನಾಗಿದೆ. ಆದರೆ ಅದು ತೋರಿಸಿದ್ದು ಡಬ್ಲ್ಯು ನಂಬರನ್ನು. ಅದು ಡಬ್ಬದ ಮೇಲೇ ಇತ್ತು! ಎರಡೂ 10ಡಬ್ಲ್ಯು-30 ಆದರೆ ಮೈನಸ್ 18ರಲ್ಲಿ ಎರಡೂ ಹರಿಯುತ್ತವೆ, ಅಂತರ ಹಿಡಿಯುವುದು ಕಷ್ಟ. ಅನುಮಾನ ಇರುವ ಆಯಿಲ್ ಜೊತೆ ಅದೇ ಹೆಸರಿನ, ಅದೇ ಗ್ರೇಡಿನ ನಂಬಿಕೆಯ ಡಬ್ಬದ್ದನ್ನು ಇಟ್ಟರೆ ಮಾತ್ರ ಇದಕ್ಕೆ ಬೆಲೆ. ಊಟದ ಪದಾರ್ಥದ ಹತ್ತಿರ ತೆರೆದಿಡಬೇಡಿ.

ಬೆರೆಸಬಹುದಾ?

ಮಿನರಲ್, ಸಿಂಥೆಟಿಕ್ ಎಂಜಿನ್ ಆಯಿಲ್‌ಗಳು ಬೆರೆಯುತ್ತವೆ. ಗಡ್ಡೆ ಕಟ್ಟುತ್ತದೆ ಅನ್ನುವುದು ಸುಳ್ಳು. ದಾರಿ ಮಧ್ಯೆ ಆಯಿಲ್ ಕಡಿಮೆಯಾದರೆ ಸರಿಯಾದ ಗ್ರೇಡಿನದು ಯಾವುದು ಸಿಕ್ಕರೂ ಹಾಕಿ.

ಅಪವಾದ ಪಿಎಜಿ. ಇದು ಎಂಜಿನ್ನಿನದಲ್ಲ. ಕಾರಿನ ಎಸಿ ಕಂಪ್ರೆಸರ್, ಕೆಲವು ಕಾರ್ಖಾನೆ ಗೇರ್‌ಬಾಕ್ಸ್‌ಗಳಲ್ಲಿ ಇರುತ್ತದೆ. ಮಿನರಲ್ ಜೊತೆ ಸೇರಿದರೆ ಯಂತ್ರ ಹಾಳು. ಅದೃಷ್ಟಕ್ಕೆ ಇದನ್ನು ಕಣ್ಣಿನಿಂದಲೇ ಗುರುತಿಸಬಹುದು. ಸಣ್ಣ ಗಾಜಿನ ಲೋಟದಲ್ಲಿ ಮಿನರಲ್ ಆಯಿಲ್ ಹಾಕಿ, ಅನುಮಾನದ ಆಯಿಲ್ ಅಷ್ಟೇ ಸೇರಿಸಿ ಕಲಕಿ ಬಿಡಿ. ಮಿನರಲ್ ಆದರೆ ಒಂದಾಗಿ ತಿಳಿಯಾಗಿರುತ್ತದೆ. ಪಿಎಜಿ ಆದರೆ ಮಬ್ಬಾಗಿ, ಎರಡು ಪದರ ಆಗುತ್ತದೆ. ಸೈಕಲ್ಲಿನ ಹೈಡ್ರಾಲಿಕ್ ಬ್ರೇಕಿನಲ್ಲೂ ಇದೇ ಥರದ ಪ್ರಶ್ನೆ ಬರುತ್ತದೆ. ಅಲ್ಲಿ ನೀರು ಸಾಕು. ಮಿನರಲ್ ಆಯಿಲ್ ನೀರಿನ ಮೇಲೆ ತೇಲುತ್ತದೆ, ಡಾಟ್ 4 ಬ್ರೇಕ್ ಫ್ಲುಯಿಡ್ ನೀರಿನಲ್ಲಿ ಕರಗುತ್ತದೆ.

ಕೊಳ್ಳುವಾಗ

ಮ್ಯಾನ್ಯುಯಲ್ ಮೊದಲು, ಸಿಂಥೆಟಿಕ್ ಆಮೇಲೆ. ಗೇರ್ ಇರುವ ಬೈಕಿಗೆ ಜಪಾನಿನ ಗುಣಮಟ್ಟದ ಗುರುತಾದ ಜಾಸೊ ಎಂಎ ಅಥವಾ ಎಂಎ2 ಬೇಕು, ಏಕೆಂದರೆ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಕಾರಿನ ದುಬಾರಿ ಸಿಂಥೆಟಿಕ್ ತಂದು ಬೈಕಿಗೆ ಹಾಕಿದರೆ ಕ್ಲಚ್ ಜಾರಬಹುದು. ಮ್ಯಾನ್ಯುಯಲ್ 20ಡಬ್ಲ್ಯು-40 ಮಿನರಲ್ ಸಾಕು ಅಂದಿರುವ ಹಳೇ ಬೈಕಿಗೆ, ಹೇಳಿದ ಕಿಲೋಮೀಟರಿಗೆ ತಪ್ಪದೆ ಬದಲಾಯಿಸಿದ ಮಿನರಲ್ ಒಳ್ಳೆಯದೇ. ಸುಮ್ನೆ ದುಡ್ಡು ಸುರಿಯಬೇಡಿ.

ಬಿಡಿ ಆಯಿಲ್ ಬೇಡ ಅನ್ನಿ. ಜೆಸಿ ರೋಡಿನ ಅಂಗಡಿಯಾಗಲಿ, ಊರಿನ ಪೆಟ್ರೋಲ್ ಬಂಕಾಗಲಿ, ಸೀಲ್ ಇರುವ ಡಬ್ಬವನ್ನೇ ಕೊಳ್ಳಿ. ಮುಚ್ಚಳದ ಉಂಗುರ ತುಂಡಾಗಿರಬಾರದು. ಬಾಯಿಯ ಫಾಯಿಲ್ ಅಂಟು ಎದ್ದಿರಬಾರದು. ಡಬ್ಬದ ಮೇಲಿನ ಬ್ಯಾಚ್ ನಂಬರ್, ತಯಾರಿಕೆ ತಿಂಗಳು ಉಗುರಿನಿಂದ ಉಜ್ಜಿದರೆ ಅಳಿಸಬಾರದು. ಕ್ಯೂಆರ್ ಕೋಡ್ ಇದ್ದರೆ ಅಂಗಡಿಯಲ್ಲೇ ಸ್ಕ್ಯಾನ್ ಮಾಡಿ. ಗ್ಯಾರೇಜಿನಲ್ಲಿ ನಿಮ್ಮ ಕಣ್ಣೆದುರೇ ಸೀಲ್ ಒಡೆಯಲಿ.

ಕೆಲಸ ಮುಗಿದ ಮೇಲೆ ಖಾಲಿ ಡಬ್ಬ ಕೇಳಿ ತೆಗೆದುಕೊಳ್ಳಿ. ಲೇಬಲ್ ಚೆನ್ನಾಗಿರುವ ಖಾಲಿ ಡಬ್ಬಕ್ಕೆ ನಕಲಿ ಮಾಡುವವರ ಹತ್ತಿರ ಬೆಲೆ ಇದೆ. ಸ್ಕ್ರೂಡ್ರೈವರಿನಿಂದ ತಳಕ್ಕೆ ಎರಡು ತೂತು ಹಾಕಿ, ಲೇಬಲ್ ಅಡ್ಡಡ್ಡ ಸೀಳಿ, ಆಮೇಲೆ ಗುಜರಿಗೆ ಕೊಡಿ.